ಮರಣದ ಪುಸ್ತಕದಲ್ಲಿ ಕುಂಕುಮ

10-3-2025, ಸೋಮವಾರ, ಬೆಳಿಗ್ಗೆ 10:40. ಕೆ.ಆರ್. ಪೇಟೆ ಗ್ರಾಮಾಂತರ ಠಾಣೆಗೆ ನಿವೃತ್ತ ಮೇಷ್ಟ್ರು ರಘುನಂದನ್ ದೂರು ತಂದರು. ಸಂತೆಬಾಚಹಳ್ಳಿ ಹೋಬಳಿಯ ಬಾಳೆಕೊಪ್ಪಲಿನಲ್ಲಿರುವ ಅವರ ಮನೆಯಿಂದ ಹಳೆಯ ಪುಸ್ತಕವೊಂದು ಕಳುವಾಗಿತ್ತು. ಅವರ ತಾತ ಪಟೇಲರಾಗಿದ್ದಾಗ ಊರಿನ ಸಾವುಗಳನ್ನೆಲ್ಲ ಬರೆದಿಟ್ಟ ಪುಸ್ತಕ. ವಂಶವೃಕ್ಷ ಬರೆಯುವವರು, ಹಿರೀಕರು ತೀರಿಕೊಂಡ ದಿನ ತಿಳಿಯಬೇಕಾದವರು ಅದನ್ನು ನೋಡಲು ಬರುತ್ತಿದ್ದರು. ಮರುದಿನ ಅದು ಮೈಸೂರಿನ ಪತ್ರಾಗಾರ ಸೇರಬೇಕಿತ್ತು.

ಸತ್ತವರ ಪಟ್ಟಿ ಕದ್ದು ಯಾರಿಗೇನು ಲಾಭ ಎಂದು ಠಾಣೆಯಲ್ಲಿ ನಕ್ಕವರಿದ್ದರು. ಇನ್ಸ್‌ಪೆಕ್ಟರ್ ದೇವರಾಜು ನಗಲಿಲ್ಲ. ಜಮೀನಿನ ವ್ಯಾಜ್ಯದಲ್ಲಿ ಒಂದು ಸಾವಿನ ತಾರೀಖು ಎಂಥ ಆಟ ಆಡಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಎಫ್‌ಐಆರ್ ಹಾಕಿಸಿದರು.

“ಭಾನುವಾರ ಯಾರು ಬಂದಿದ್ರು ಮೇಷ್ಟ್ರೇ?”

“ಶ್ರೀರಂಗಪಟ್ಟಣದಿಂದ ಸುಮಯ್ಯ ಅಂತ ಒಂದ್ ಹುಡ್ಗಿ. ಮುತ್ತಾತನ ವಿಷ್ಯ ಹುಡುಕ್ತಾವಳೆ. ಫೋಟೊ ತಕ್ಕೊಂಡ್ ಹೋದ್ಲು.”

“ಆಮೇಲೆ?”

“ಅರಕೆರೆ ಜವರಯ್ಯ. ಅವನಿಗೆ ಓದೋಕೇ ಬರಲ್ಲ, ಬುಡಿ ಸಾರ್.”

ಬಿಟ್ಟರು. ಓದಲು ಬಾರದವನು ಪುಸ್ತಕ ಕದಿಯಲಾರ ಎಂದು ಮೇಷ್ಟ್ರಿಗೆ ಅನ್ನಿಸಿದಂತೆ ಇನ್ಸ್‌ಪೆಕ್ಟರಿಗೂ ಅನ್ನಿಸಿತು.

11-3-2025, ಮಧ್ಯಾಹ್ನ 2:15. ದೇವರಾಜು ಮತ್ತು ಕಾನ್‌ಸ್ಟೆಬಲ್ ಸಹನ ಶ್ರೀರಂಗಪಟ್ಟಣದಲ್ಲಿ ಸುಮಯ್ಯಳನ್ನು ವಿಚಾರಿಸಿದರು. ಹುಡುಗಿ ಹೆದರಿದ್ದಳು.

“ಇದೊಂದೇ ಪುಟದ ಫೋಟೊ ಯಾಕೆ?”

“ನಮ್ ಮುತ್ತಾತ ಅಬ್ದುಲ್ ವಾಹಿದ್ ಸತ್ತ ತಾರೀಕು ಹುಡುಕ್ತಿದ್ದೆ ಸರ್. ಅದು ಸಿಗಲಿಲ್ಲ. ಅವರ ಹೆಸರು ಇಲ್ಲೊಂದು ಕಡೆ ಮಾತ್ರ ಇದೆ. ನೋಡಿ, ವರದಿ ಕೊಟ್ಟವರು ಅನ್ನೋ ಕಾಲಂನಲ್ಲಿ.”

ಸಹನ ಫೋಟೊ ದೊಡ್ಡದು ಮಾಡಿದಳು. ‘12-3-1954. ಬೆಟ್ಟಮ್ಮ ಕೋಂ ಬೋರೇಗೌಡ, ವಯಸ್ಸು 19. ಕಾರಣ: ಹೆರಿಗೆ.’ ಹೆಸರಿನ ಪಕ್ಕದಲ್ಲಿ ಕೆಂಪು ಚುಕ್ಕೆ.

“ಶಾಯಿ ಅಲ್ಲ ಸಾರ್, ಕುಂಕುಮ. ಮುತ್ತೈದೆಯಾಗಿ ಹೋಗವ್ರೆ ಅಂತ ಯಾರೋ ಇಟ್ಟವ್ರೆ. ಇದು ಜಮೀನ್ ಗಲಾಟೆ ಅಲ್ಲ.”

ದೇವರಾಜು ಮೇಷ್ಟ್ರಿಗೆ ಫೋನ್ ಮಾಡಿದರು. ಈ ಬೆಟ್ಟಮ್ಮನ ಕಡೆಯವರು ಯಾರಾದರೂ ಇದ್ದಾರೆಯೇ?

“ಅವಳ ಮಗನೇ ಜವರಯ್ಯ, ಸಾರ್. ಮೂರ್ ತಿಂಗಳ ಹಿಂದೆ ಹೆಸ್ರು, ತಾರೀಕು ನಾನೇ ಓದಿ ಹೇಳಿದ್ದೆ. ಅವತ್ತೇ ಹೆಸ್ರಿನ ಪಕ್ಕ ಕುಂಕುಮ ಇಟ್ಟಿದ್ದ.”

12-3-2025, ಬೆಳಿಗ್ಗೆ 11:20, ಅರಕೆರೆ. ಪುಟ ಗುರುತಿಸಲು ಸುಮಯ್ಯಳನ್ನೂ ಕರೆತಂದಿದ್ದರು. ನಡುಮನೆಯ ಮಣೆಯ ಮೇಲೆ ಪುಸ್ತಕ ತೆರೆದಿತ್ತು. ಅದರ ಮುಂದೆ ಎರಡು ಬಾಳೆಲೆ, ಎರಡರಲ್ಲೂ ಎಡೆ. ಕೈಮುಗಿದು ಕುಳಿತಿದ್ದ ಮುದುಕ ತಿರುಗಿ ನೋಡಿದರು.

“ಬಂದ್ರಾ ಸಾರ್? ಸಂಜಿಕೆ ನಾನೇ ತಂದ್ಕೊಡೋನಿದ್ದೆ.”

“ಯಾಕೆ ತಂದ್ರಿ?”

“ನಮ್ಮವ್ವಂದು ಒಂದು ಫೋಟೊ ಇಲ್ಲ. ಮಣ್ ಮಾಡಿದ್ ಜಾಗ ಕಬ್ಬಿನ್ ಗದ್ದೆ ಆಗ್ಬುಟ್ಟದೆ. ಅವಳಿರೋದು ಇದ್ರಲ್ಲಿ ಮಾತ್ರ. ಮೈಸೂರಿಗೆ ಓಯ್ತದೆ ಅಂದ್ರು ಮೇಷ್ಟ್ರು. ನಾನ್ ಉಟ್ಟಿದ್ ದಿನ, ಅವಳು ಓದ್ ದಿನ, ಇಷ್ಟ್ ವರ್ಸಕ್ಕೆ ಗೊತ್ತಾಯ್ತು. ಒಂದ್ ಎಡೆ ಇಕ್ಕಬ್ಯಾಡ್ವಾ?”

“ಆ ಪುಟ ಒಂದ್ನೇ ಹರ್ಕೊಂಡು ಬರಬೋದಿತ್ತಲ್ಲ?”

“ಹರಿಯೋದಾ? ಅದ್ರ ಇಂದ್ಗಡೆ ಬೇರೆಯೋರ ಅವ್ವಂದ್ರೂ ಅವ್ರಲ್ಲ ಸಾರ್.”

ದೇವರಾಜು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಆಗ ಎರಡನೆಯ ಎಲೆ ಕಣ್ಣಿಗೆ ಬಿತ್ತು.

“ಇದು ಯಾರಿಗೆ?”

“ಗಾಡಿ ಸಾಬ್ರಿಗೆ. ಆಸ್ಪತ್ರೆಗೆ ಓಗೋ ದಾರೀಲೇ ಅವ್ವ ಓಗ್ಬುಟ್ಲಂತೆ. ಗಾಡಿ ಒಡೀತಿದ್ದ ಸಾಬ್ರು ನಮ್ಮಜ್ಜೀನೂ ನನ್ನೂ ಇಲ್ಲೀಗಂಟ ಕರ್ಕಂಬಂದ್ರಂತೆ. ದಾರಿಯುದ್ದಕ್ಕೂ ಆಡಿನ್ ಆಲು ಬೇಡಿ ತಂದ್ ಕುಡಿಸ್ದ್ರಂತೆ. ಎಸ್ರು ಕೇಳೋದ್ನೇ ಮರ್ತ್ಬುಟ್ಟಿದ್ಲು ಅಜ್ಜಿ. ಅದ್ಕೆ ಪ್ರತಿ ವರ್ಸ ಪಿತೃಪಕ್ಷದಲ್ಲಿ ಅವ್ರಿಗೊಂದು ಎಲೆ ಆಕೋಳು. ನಾನೂ ಬುಟ್ಟಿಲ್ಲ.”

ಸುಮಯ್ಯ ಪುಸ್ತಕದ ಮುಂದೆ ಕುಳಿತಳು. ಬೆಟ್ಟಮ್ಮನ ಸಾಲಿನ ಮೇಲೆ ಬೆರಳಿಟ್ಟು, ಮೇಷ್ಟ್ರು ಓದಿ ಹೇಳದೆ ಬಿಟ್ಟಿದ್ದ ಕೊನೆಯ ಎರಡು ಕಾಲಂ ಓದಿದಳು. “ವರದಿ ಕೊಟ್ಟವರು: ಅಬ್ದುಲ್ ವಾಹಿದ್, ಗಾಡಿ ಹೊಡೆಯುವವರು. ಷರಾ: ಶಿಶು ಜೀವಂತ. ಅಜ್ಜಿಯೊಡನೆ ಅರಕೆರೆಗೆ ಕರೆದೊಯ್ದಿದ್ದಾರೆ.” ಅವಳು ಪುಸ್ತಕದಿಂದ ತಲೆ ಎತ್ತಿದಳು. “ಅವ್ರು ನಮ್ ಮುತ್ತಾತ, ತಾತ.”

ಜವರಯ್ಯ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಸಹನ ಪಂಚನಾಮೆಯ ಹಾಳೆ ಅಡ್ಡ ಹಿಡಿದು ಮುಖ ಮರೆಸಿಕೊಂಡಳು.

ಎಡೆ ಎತ್ತಿದ ಮೇಲೆ, 12:05ಕ್ಕೆ, ಪಂಚರ ಸಮಕ್ಷಮ ಪುಸ್ತಕ ವಶಪಡಿಸಿಕೊಂಡರು. ‘ಪುಟಗಳು ಪೂರ್ತಿ ಇವೆ. ಬೆಟ್ಟಮ್ಮನ ಹೆಸರಿನ ಪಕ್ಕ ಕುಂಕುಮ. ಅಬ್ದುಲ್ ವಾಹಿದ್ ಹೆಸರಿನ ಮೇಲೆ ಮಲ್ಲಿಗೆ ಹೂವು ಒಂದು’ ಎಂದು ಸಹನ ಬರೆದಳು. 12:30ಕ್ಕೆ ಆರೋಪಿಯ ಬಂಧನ. ಕಾರಣದ ಮುಂದೆ ದೇವರಾಜು ‘ತಾಯಿಯ ಎಡೆಗಾಗಿ’ ಎಂದಷ್ಟೇ ಬರೆದರು. ಸಂಜೆ ನ್ಯಾಯಾಲಯ ಜಾಮೀನು ಕೊಟ್ಟಿತು. ಜಾಮೀನು ನಿಂತವರು ದೂರುದಾರರಾದ ಮೇಷ್ಟ್ರೇ.

ಜೀಪು ಹತ್ತುವ ಮುನ್ನ ಜವರಯ್ಯ ಒಳಗಿನಿಂದ ಒಂದು ಚಿಪ್ಪು ಬಾಳೆಹಣ್ಣು ತಂದು ಸುಮಯ್ಯಳ ಕೈಗಿಟ್ಟಿದ್ದರು.

“ರೋಜಾ ಇದೀನಿ ತಾತ.”

“ಸಂಜೆ ರೋಜಾ ಬುಡ್ತೀಯಲ್ಲ, ಆಗ ತಿನ್ನು ಕಣವ್ವ. ಅವ್ರೆಸ್ರು ಇನ್ನೊಂದ್ ಸಲ ಯೋಳು. ಬರೋ ವರ್ಸ ಎಲೆ ಆಕೋವಾಗ ಎಸ್ರಿಡ್ದು ಕರೀಬೇಕು.”

ಅವಳು ಹೇಳಿದಳು. ಜೀಪು ನಾಲೆಯ ಸೇತುವೆ ದಾಟುವವರೆಗೂ ಮುದುಕ ಅದನ್ನೇ ಬಾಯಿಪಾಠ ಮಾಡುತ್ತಿದ್ದರು.