ಕೊಡದ ತಳದಲ್ಲಿ ಹಿಡಿ ಜೋಳ

ಅಬ್ದುಲಸಮದ ಸ್ಟೀಲಿನ ಕೊಡದೊಳಗೆ ಮೊಣಕೈವರೆಗೂ ಕೈ ಇಳಿಸಿ ತಳ ತಡವಿದ. ಬೆರಳಿಗೆ ಕಾಳು ತಾಗಿದವು. ಬಾಚಿ ಹೊರತೆಗೆದು ಅಂಗೈ ಬಿಚ್ಚಿದ. ಬಿಳಿಜೋಳ, ಒಂದು ಹಿಡಿ.

"ಈ ಹೊಸಾ ಕೊಡ ಹಳೇ ಭಾಂಡೆದಾಗ ಹೆಂಗ ಬಂತು?"

ಅಂಗಡಿಯ ಮಾಲೀಕ ಈರಯ್ಯನಿಗೂ ಅದು ತಿಳಿಯಲಿಲ್ಲ. ಆಳು ತಪ್ಪಿ ಇಟ್ಟಿರಬೇಕು ಎಂದ.

ವಿಜಾಪುರದ ಪೇಟೆಗೆ ಆ ವರ್ಷ, ೧೯೭೪ರಲ್ಲಿ, ಸ್ಟೀಲಿನ ಹುಚ್ಚು ಹಿಡಿದಿತ್ತು. ಹಳೆಯ ತಾಮ್ರ, ಹಿತ್ತಾಳೆ ತಂದವರಿಗೆ ಈರಯ್ಯ ಬದಲಿಗೆ ಹೊಸ ಸ್ಟೀಲು ಕೊಡುತ್ತಿದ್ದ. ಬಂದ ಹಳೆಯ ಪಾತ್ರೆಗಳು ಕಟ್ಟೆಯ ಮೇಲೆ ಗುಡ್ಡೆ ಬಿದ್ದು, ಕರಗಿಸುವ ಕಾರ್ಖಾನೆಯ ಲಾರಿಗೆ ಕಾಯುತ್ತಿದ್ದವು. ನಿನ್ನೆ, ಫೆಬ್ರವರಿ ಹನ್ನೆರಡರ ಮುಂಜಾನೆ, ಆ ಗುಡ್ಡೆಯಿಂದ ಮಗ್ಗುಲು ತಗ್ಗಿದ ತಾಮ್ರದ ಕೊಡವೊಂದು ಕಾಣೆಯಾಗಿತ್ತು. ಕಾಯಬೇಕಿದ್ದ ಆಳು ಇಸಾಕ ತಾನು ಎದುರಿನ ಹೋಟೆಲಿಗೆ ಚಹಾಕ್ಕೆ ಹೋಗಿದ್ದೆ ಎಂದಿದ್ದ.

"ಚಾದಾಗ ಕರಗಿ ಹೋತೇನ್ರಿ ಕೊಡ?" ಎಂದು ಈರಯ್ಯ ಠಾಣೆಯಲ್ಲಿ ಕೇಳಿದ್ದ. ಎಫ್‌ಐಆರ್‌ನಲ್ಲಿ ಇಸಾಕನ ಹೆಸರನ್ನೇ ಬರೆಸಿದ್ದ. ಇಸಾಕ ಈಗ ಲಾಕಪ್ಪಿನಲ್ಲಿದ್ದ. ಸಂಜೆಯೊಳಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು. ಒಮ್ಮೆ ಕಳ್ಳನೆಂದು ಆ ಮೆಟ್ಟಿಲು ಹತ್ತಿದವನನ್ನು ಈ ಪೇಟೆಯಲ್ಲಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಅದು ಸಬ್‌ಇನ್ಸ್‌ಪೆಕ್ಟರ್ ಅಬ್ದುಲಸಮದನಿಗೆ ಗೊತ್ತಿತ್ತು. ಆದ್ದರಿಂದಲೇ ಸ್ಥಳ ಪಂಚನಾಮೆಗೆ ಅವನು ತಾನೇ ಬಂದಿದ್ದ.

ಕಾನ್‌ಸ್ಟೇಬಲ್ ಶಂಕ್ರೆಪ್ಪ ಗುಜರಿ ಅಂಗಡಿಗಳನ್ನು ಜಾಲಾಡೋಣ ಎಂದ. ಅಬ್ದುಲಸಮದ ಬೇಡವೆಂದು ತಲೆಯಾಡಿಸಿದ. ಮಾರಲು ಒಯ್ದವನು ಬದಲಿಗೆ ಇನ್ನೊಂದು ಕೊಡ ಇಟ್ಟು ಹೋಗುವುದಿಲ್ಲ. ಅದರಲ್ಲಿ ಜೋಳವನ್ನಂತೂ ಹಾಕುವುದಿಲ್ಲ. ನೆರೆಯವರ ತಾಟು ಮರಳಿಸುವಾಗ ಅವನ ತಾಯಿ ಪೀರಾಂಬಿ, ಮನೆಯಲ್ಲಿ ಏನೂ ಇಲ್ಲದ ದಿನವೂ ಚಿಟಿಕೆ ಸಕ್ಕರೆ ಹಾಕದೆ ಕೊಟ್ಟವಳಲ್ಲ. ಬರಿಯ ಪಾತ್ರೆ ತಿರುಗಿಸಬಾರದು. ಈ ಸ್ಟೀಲಿನ ಕೊಡವನ್ನು ಯಾರೋ ಹೆಣ್ಣುಮಗಳು ಮರಳಿಸಿ ಹೋಗಿದ್ದಳು.

ಪಂಚನಾಮೆಗೆ ಸಾಕ್ಷಿಯಾಗಿ ಕೂತಿದ್ದ ಸೈಕಲ್ ಅಂಗಡಿಯವನು ಕತ್ತು ಚಾಚಿದ. "ಜೋಳಾನೂ ಬರಸ್ತೀರೇನ್ರಿ?"

"ಅದನ್ನ ಮೊದಲ ಬರಸ್ತೇನಿ."

ಆ ಸ್ಟೀಲಿನ ಕೊಡ ಒಯ್ದವರು ಯಾರೆಂದು ಈರಯ್ಯನಿಗೆ ನೆನಪಿರಲಿಲ್ಲ. ಅಂಥವು ಆ ವಾರ ಎಷ್ಟೋ ಹೋಗಿದ್ದವು. ಅಬ್ದುಲಸಮದ ಓಣಿಯುದ್ದಕ್ಕೂ ವಿಚಾರಣೆ ನಡೆಸಿದ. ಹೋಟೆಲಿನವನು, ದರ್ಜಿ, ಗಾಜು ಕೂಡಿಸುವವನು, ಟಾಂಗಾದವರು, ಎಲ್ಲರೂ ನಿನ್ನೆ ಮುಂಜಾನೆ ಅಲ್ಲೇ ಇದ್ದರು. ಕಳ್ಳನನ್ನು ಯಾರೂ ಕಂಡಿರಲಿಲ್ಲ. ಬೇವಿನ ಗಿಡದ ಕೆಳಗೆ ಹೂವು ಕಟ್ಟುತ್ತಿದ್ದ ಮಾಶಾಬಿಯ ಮುಂದೆ ಬಂದಾಗ ಅವನು ಪ್ರಶ್ನೆಯನ್ನೇ ಬದಲಿಸಿದ.

"ಕೊಡ ಹೊತ್ತ ಹೆಣ್ಮಗಳನ್ನ ನೋಡಿದ್ಯಾ ಬೇ?"

"ದಿನಾ ನೂರು ಮಂದಿ ನೋಡ್ತೇನಿ." ಮಾಶಾಬಿಯ ಬೆರಳು ದಾರದ ಮೇಲೆ ನಿಂತವು. "ನಿನ್ನೆ ನಳಾನ ಬಂದಿದ್ದಿಲ್ಲ. ಆದ್ರೂ ಒಬ್ಬಾಕಿ ಹೊಂಟಿದ್ಲು. ನೀರಿಲ್ಲ, ಎಲ್ಲಿಗಿ ಬೇ ಅಂದೆ. ತಿಕೋಟಾದ ಬಾವಿಗಿ ಅಂದ್ಲು. ಅಷ್ಟು ದೂರದ ಊರಿಗಿ ಯಾರರೆ ನೀರಿಗಿ ಹೋಗ್ತಾರೇನು, ಚಾಷ್ಟಿ ಮಾಡ್ಯಾಳಂತ ನಕ್ಕೆ."

ಅವಳನ್ನು ಇಡೀ ಪೇಟೆಯೇ ನೋಡಿತ್ತು. ಟೊಂಕದ ಮೇಲೆ ಕೊಡ ಹೊತ್ತು ನಡೆದ ಹೆಂಗಸನ್ನು ನೋಡಿದೆನೆಂದು ಯಾರು ನೆನಪಿಡುತ್ತಾರೆ?

ಜೀಪು ತಿಕೋಟಾ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಬಾವಿಯ ಹತ್ತಿರ ನಾಲ್ಕೈದು ಹೆಂಗಸರಿದ್ದರು. ಮೆಟ್ಟಿಲು ಹತ್ತಿ ಬರುತ್ತಿದ್ದ ಒಬ್ಬ ಮುದುಕಿಯ ಟೊಂಕದಲ್ಲಿ ತಾಮ್ರದ ಕೊಡವಿತ್ತು. ಕೊಡದ ತಗ್ಗು ಅವಳ ಮೈಗೆ ಅಳತೆ ತೆಗೆದು ಮಾಡಿದಂತೆ ಕೂತಿತ್ತು. ಹೆಸರು ಮುರಿಗೆವ್ವ. ಪೊಲೀಸರನ್ನು ಕಂಡು ಅವಳು ಹೆದರಲಿಲ್ಲ. ನೀರನ್ನು ಮನೆಯಲ್ಲಿ ಸುರಿದು ಬರುತ್ತೇನೆ ಎಂದಳು. ಹಾಗೆಯೇ ಬಂದಳು.

ಅವಳ ಹೇಳಿಕೆಯನ್ನು ಶಂಕ್ರೆಪ್ಪ ಠಾಣೆಯಲ್ಲಿ ಬರೆದುಕೊಂಡ. ಬಬಲೇಶ್ವರದ ಬೀಗರ ಮನೆಯಲ್ಲಿ ಸ್ಟೀಲಿನ ಸಾಲು ನೋಡಿ ನಾಚಿ ಬಂದ ಮಗ, ಅವಳು ಹೊಲಕ್ಕೆ ಹೋದಾಗ ಕೊಡವನ್ನು ಪೇಟೆಗೆ ಒಯ್ದು ಬದಲಿಸಿದ್ದ. ಕನಮಡಿಯ ತವರಿನವರು ಮದುವೆಯಲ್ಲಿ ಕೊಟ್ಟ ಕೊಡ ಅದು. ಅಂಗಡಿಗೆ ಬಂದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಅವರದನ್ನು ಅವರಿಗೆ ಇಟ್ಟು, ತನ್ನದನ್ನು ತಾನು ತಂದಿದ್ದಳು. ಇದರಲ್ಲಿ ಕಳವು ಎಲ್ಲಿಂದ ಬಂತೆಂದು ಅವಳು ಶಂಕ್ರೆಪ್ಪನನ್ನೇ ಕೇಳಿದಳು.

"ಅಂಗಡ್ಯಾಂವ ಬರೂತನಕಾ ನಿಂದ್ರಬೇಕಿತ್ತಲ್ಲ," ಎಂದ ಅಬ್ದುಲಸಮದ.

"ನಿಂತಿದ್ರ ಕೊಡ್ತಿದ್ನೇನ್ರಿ?"

ಅಬ್ದುಲಸಮದ ಬಂಧನದ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿದ. ಜಾಮೀನಿಗೆ ಬಂದ ಮಗ ಒಳಗೆ ಇಣುಕದೆ ಹೊರಗೇ ನಿಂತಿದ್ದ. ಇಸಾಕನನ್ನು ಬಿಟ್ಟರು. ತಾಮ್ರದ ಕೊಡ ಮಾತ್ರ ಮುದ್ದೆಮಾಲು. ಕೋರ್ಟು ಹೇಳುವವರೆಗೂ ಠಾಣೆ ಬಿಡುವಂತಿರಲಿಲ್ಲ. ಶಂಕ್ರೆಪ್ಪ ಅದರ ಕಂಠಕ್ಕೆ ಚೀಟಿ ಕಟ್ಟಿ ಅರಗಿನ ಮೊಹರು ಒತ್ತಿದ. ಮುರಿಗೆವ್ವ ಆ ಕೈಯನ್ನೇ ನೋಡುತ್ತ ಕೂತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಈರಯ್ಯ ಬಂದ. ಹಿಂದೆ ಇಸಾಕ, ಅವನ ಕೈಯಲ್ಲಿ ಅಂಗಡಿಯಿಂದ ತಂದ ಹೊಸ ಸ್ಟೀಲಿನ ಕೊಡ.

"ಅವ್ವಾ, ಕೋರ್ಟಿನ್ಯಾಗ ನಂದೇನೂ ತಕರಾರಿಲ್ಲಂತ ಹೇಳ್ತೇನಿ," ಎಂದ ಈರಯ್ಯ. "ನಿಂದು ಬಿಡುಗಡಿ ಆಗೂತನಕಾ ಇದನ್ನ ಇಟ್ಕೊ. ಆಮ್ಯಾಲೂ ಇಟ್ಕೊ, ನಿನಗ ಪುಕ್ಕಟ."

ಮುರಿಗೆವ್ವ ಅವನನ್ನು ನೋಡಲಿಲ್ಲ. ಇಸಾಕನ ಕಡೆ ತಿರುಗಿದಳು. "ನನ್ನ ಸಲುವಾಗಿ ನೀ ಒಳಗ ಕುಂತದ್ದು ಗೊತ್ತಿದ್ದಿಲ್ಲೋ ಯಪ್ಪಾ."

ಇಸಾಕ ಕೊಡ ಮುಂದೆ ಚಾಚಿದ. ತಳದಲ್ಲಿ ಬೆಲ್ಲದ ಹರಳೊಂದು ಉರುಳಿ ಸದ್ದು ಮಾಡಿತು. ಅವನೂ ಬರಿಗೊಡ ತಂದಿರಲಿಲ್ಲ.

ಮುದುಕಿ ಒಳಗೆ ಕೈ ಇಳಿಸಿ ಬೆಲ್ಲ ತೆಗೆದುಕೊಂಡಳು. ಬಾಯಿಗೆ ಹಾಕಿಕೊಂಡಳು. ಮೂಲೆಯಲ್ಲಿ ಮೊಹರು ಹೊತ್ತು ಕೂತಿದ್ದ ತನ್ನ ಕೊಡದ ಕಡೆ ನೋಡಿದಳು.

"ನಾಳಿ ನೀರಿಗೆ ಏನ್ ಮಾಡ್ತಿ ಬೇ? ತಗೊ," ಎಂದ ಅಬ್ದುಲಸಮದ.

"ಒಲ್ಲೆ."