ಉಲ್ವೋಸೆನ್ ಗುಡ್ಡದ ಬೆಳ್ಳಿ ಕಪ್

"ಸುನ್ನಿವಾ, ಬಾಗಿಲು ತೆಗಿ. ಯಾರೋ ಸ್ಕೀ ಬಿಚ್ಚದೇನೇ ಮೆಟ್ಟಿಲು ಹತ್ತುತಿದಾರೆ," ಎಂದರು ಬೊರ್ಗಿಲ್ಡ್ ಅತ್ತೆ, ಪುಸ್ತಕದಿಂದ ತಲೆ ಎತ್ತದೆ. ಈಸ್ಟರ್ ರಜೆಗೆ ಗುಡ್ಡದ ಮನೆಗೆ ಬಂದವರೆಲ್ಲ ಕೊಲೆ ಕತೆ ಓದುವವರೇ. ಅತ್ತೆಗಂತೂ ದಿನಕ್ಕೊಂದು ಬೇಕು.

ಸುನ್ನಿವಾ ಫೋನ್ ಕೆಳಗಿಟ್ಟಳು. ಓಸ್ಲೋದಿಂದ ಅವಳ ಅಮ್ಮ ಮಾಡಿದ್ದರು. ಅಲ್ಲಿ ನಿನ್ನೆಯಿಂದ ಒಂದೇ ಸಮ ಮಳೆಯಂತೆ, ಅಮ್ಮನ ಬೂಟೊಳಗೆಲ್ಲ ನೀರಂತೆ. ಕಾರಿನಲ್ಲಿ ಎರಡು ಗಂಟೆಯೂ ಆಗದ ದೂರದಲ್ಲಿ, ಇಲ್ಲಿ ಉಲ್ವೋಸೆನ್‌ನಲ್ಲಿ, ಸಂಜೆಯಿಂದ ಬೆಳಗಿನವರೆಗೆ ಹಿಟ್ಟಿನಂಥ ಒಣ ಹಿಮ ಸುರಿದಿತ್ತು.

ಬಾಗಿಲಲ್ಲಿ ಹಾಲ್‌ವಾರ್ ನಿಂತಿದ್ದ. ರಾತ್ರಿಯೆಲ್ಲ ದೊಡ್ಡ ಯಂತ್ರ ಓಡಿಸಿ ಸ್ಕೀ ದಾರಿಗಳನ್ನು ಹಸನು ಮಾಡುವವನು. ಅವನನ್ನು ಕಂಡರೆ ಯಾವಾಗಲೂ ಮಾತು ಮರೆಯುವ ಸುನ್ನಿವಾ ಬಾಗಿಲನ್ನಷ್ಟೇ ಅಗಲ ತೆರೆದಳು.

"ಬೊರ್ಗಿಲ್ಡಮ್ಮಾ, ರಾತ್ರಿ ಕೆಫೆ ಕಪಾಟಿಂದ ರೇಸಿನ ಬೆಳ್ಳಿ ಕಪ್ ಹೋಯ್ತು! ರಾತ್ರಿ ಗುಡ್ಡದಲ್ಲಿ ಓಡಾಡೋನು ನಾನೊಬ್ನೇ, ಕದ್ದೋನೂ ನಾನೇ ಅಂತಿದಾರೆ. ರೇಸ್ ಶುರುವಾಗೋದ್ರೊಳಗೆ ಯಂತ್ರದ ಕೀಲಿ ಕೊಟ್ಟು ಗುಡ್ಡ ಇಳೀಬೇಕಂತೆ."

ಅತ್ತೆ ಪುಸ್ತಕ ಮಡಚಿದರು. ಓಸ್ಲೋ ಬಂದರಿನ ಸುಂಕದ ಕಚೇರಿಯಲ್ಲಿ ತಲೆ ನರೆಯುವವರೆಗೆ ಜನರ ಪೆಟ್ಟಿಗೆಗಳನ್ನೂ ಮುಖಗಳನ್ನೂ ತೆರೆಸಿ ನೋಡಿದವರು. ನಿವೃತ್ತರಾಗಿ ಇಲ್ಲಿ ನೆಲೆಸಿದ ಮೇಲೆ ಗುಡ್ಡದಲ್ಲಿ ಏನೇ ಕಳೆದರೂ ಜನ ಮೊದಲು ಹುಡುಕುವುದು ಅವರನ್ನೇ.

"ಕೊಲೆಗಾರ ಯಾರು ಅಂತ ಗೊತ್ತಾಗೋ ಪುಟಕ್ಕೇ ಬಂದ್ಯಲ್ಲೋ, ಹಾಳಾದವನೇ! ಕೂತ್ಕೋ. ನೀನು ರಾತ್ರಿ ಕೆಫೆಗೆ ಹೋಗಿದ್ಯಾ?"

"ಹೋಗಿದ್ದೆ. ಫ್ಲಾಸ್ಕಿಗೆ ಕಾಫಿ ತುಂಬ್ಕೊಳ್ಳೋಕೆ. ಸೂರಿನ ಕೆಳಗೆ ಮೊಳೆಗೆ ಕೆಫೆ ಕೀಲಿ ತೂಗಾಡ್ತಿರುತ್ತಲ್ಲ. ಕಪಾಟಿನ ಕಡೆ ನೋಡ್ಲೇ ಇಲ್ಲ."

"ಆ ಮೊಳೆ ಗೊತ್ತಿಲ್ಲದವರು ಈ ಗುಡ್ಡದಲ್ಲಿ ಯಾರಿದಾರೆ! ಸುನ್ನಿವಾ, ಕೆಳಗೆ ಗುಡ್ಡದ ಮನೆಯವರೆಲ್ಲ ಕಾರು ನಿಲ್ಲಿಸೋ ಜಾಗಕ್ಕೆ ಹೋಗಿ ಕೆಫೆಗೆ ಬಾ. ಏನು ಕಾಣುತ್ತೋ ಅಷ್ಟನ್ನೇ ಬಂದು ಹೇಳು. ಯೋಚನೆ ಆಮೇಲೆ."

ಸುನ್ನಿವಾ ಕೋಟು ತೊಟ್ಟಳು. ಸ್ಕೀ ಕಟ್ಟಿಕೊಂಡು ಬಾಣದಂತೆ ಇಳಿದಳು. ಕಾರುಗಳೆಲ್ಲ ಹಿಮ ಹೊದ್ದು ದಪ್ಪ ಬ್ರೆಡ್ಡುಗಳಂತೆ ಸಾಲಾಗಿ ಮಲಗಿದ್ದವು. ಒಂದು ನೀಲಿ ಕಾರಿನ ನೆತ್ತಿ ಮಾತ್ರ ಬೋಳು.

ಗುಡ್ಡದ ಕೆಫೆಯ ಅಂಗಳಕ್ಕೆ ಏದುಸಿರು ಬಿಡುತ್ತ ಬಂದು ಅತ್ತೆಗೆ ಅದನ್ನು ಹೇಳಿದಳು. ಅತ್ತೆ ಗೋಡೆಗೆ ಒರಗಿಸಿದ್ದ ಸ್ಕೀಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದರು. ಒಂದು ಜೊತೆಯ ಅಡಿಗೆ ಮುಷ್ಟಿ ಗಾತ್ರದ ಹಿಮದ ಹೆಂಟೆಗಳು ಹಲಸಿನ ಮೇಣಕ್ಕೆ ಹಿಡಿದಂತೆ ಗಟ್ಟಿಯಾಗಿ ಕಚ್ಚಿಕೊಂಡಿದ್ದವು.

"ಇದು ಯಾರದಮ್ಮಾ, ಡಾಗ್ನಿ?"

ಕೆಫೆ ನಡೆಸುವ ಡಾಗ್ನಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಚೇರ್ಮನ್ನರದು! ಹೈ ಹೀಲ್ಸ್ ಹಾಕ್ಕೊಂಡ ಮದುಮಗಳ ಥರ ತಟ್ಟಾಡ್ಕೊಂಡು ಬಂದ್ರು ಬೆಳಿಗ್ಗೆ. ಊರಿಗೆಲ್ಲ ಮೇಣದ ಪಾಠ ಹೇಳೋ ಮನುಷ್ಯ, ಹೊಸ ಹಿಮಕ್ಕೆ ಅಂಟು ಮೇಣ ಬಳ್ಕೊಂಡಿದಾರೆ!"

ಸ್ಕೀಯ ಅಡಿಗೆ ಒದ್ದೆ ಹಿಮಕ್ಕೆ ಅಂಟು ಮೇಣ ಬಳಿಯಬೇಕು, ಒಣ ಹೊಸ ಹಿಮಕ್ಕೆ ಗಟ್ಟಿ ನೀಲಿ ಮೇಣ; ತಪ್ಪಿದರೆ ಹಿಮ ಅಡಿಗೇ ಕಚ್ಚಿಕೊಳ್ಳುತ್ತದೆ. ನಡೆಯಲು ಕಲಿಯುವಾಗಲೇ ಇಲ್ಲಿನ ಮಕ್ಕಳು ಇದನ್ನೂ ಕಲಿಯುತ್ತವೆ.

ಒಳಗೆ ಒಲೆ ಧಗಧಗ ಉರಿಯುತ್ತಿತ್ತು. ಸ್ಪರ್ಧಿಗಳು ಕಿತ್ತಳೆ ಸುಲಿಯುತ್ತ ಪಿಸುಗುಡುತ್ತಿದ್ದರು. ಮೂರು ಸಲ ಗೆದ್ದವರಿಗೆ ಕಪ್ ಶಾಶ್ವತವಾಗಿ ಸೇರುತ್ತದೆ. ಪಕ್ಕದ ಕಣಿವೆಯ ರಾಂಡಿ ಈಗಾಗಲೇ ಎರಡು ಸಲ ಗೆದ್ದಿದ್ದಳು. ಇಂದು ಅವಳನ್ನು ಹಿಡಿಯುವವರು ಯಾರೂ ಇರಲಿಲ್ಲ. ಖಾಲಿ ಕಪಾಟಿನ ಮುಂದೆ ಸ್ಕೀ ಸಂಘದ ಚೇರ್ಮನ್ ತೋರ್‌ಗ್ರಿಮ್ ಕೈ ಕಟ್ಟಿ ನಿಂತಿದ್ದರು. ಆ ಕಪ್ ಕೊಟ್ಟವರು ಅವರ ಅಜ್ಜ.

"ಬೊರ್ಗಿಲ್ಡ್, ನೀನ್ಯಾಕೆ ಬಂದೆ? ಪೊಲೀಸು ಗಿಲೀಸು ಬೇಡ ಅಂತ ನಾನೇ ಹೇಳಿದೀನಿ. ಹುಡುಗ ಕೀಲಿ ಕೊಟ್ಟು ಹೋದ್ರೆ ಮುಗೀತು."

"ಅಜ್ಜನ ಕಪ್ ಕಳ್ಕೊಂಡವನು ಪೊಲೀಸ್ ಬೇಡ ಅಂತಾನೆ. ದೊಡ್ಡ ಮನಸ್ಸು! ರಾತ್ರಿ ಎಲ್ಲಿದ್ದೆಯಪ್ಪಾ?"

"ಎಲ್ಲಿರ್ತೀನಿ? ಇಲ್ಲೇ, ನನ್ನ ಮನೇಲಿ. ಗುರುವಾರ ಬಂದೋನು ಗುಡ್ಡ ಬಿಟ್ಟಿಲ್ಲ."

"ಮತ್ತೆ ಅಂಟು ಮೇಣ?"

ಕಿತ್ತಳೆ ಸುಲಿಯುತ್ತಿದ್ದವರು ಕಿಸಕ್ಕೆಂದರು. ತೋರ್‌ಗ್ರಿಮ್ ಮುಖ ಕೆಂಪಾಯಿತು. "ರೇಡಿಯೊ ನಂಬಿ ಕೆಟ್ಟೆ. ಬೆಳಿಗ್ಗೆ ಹೊತ್ತಿಗೆ ಬೆಚ್ಚಗಾಗುತ್ತೆ, ಮಳೆ ಇಲ್ಲಿಗೂ ಬರುತ್ತೆ ಅಂದ್ರು."

ಅತ್ತೆ ಬೆಂಚಿನ ಮೇಲೆ ಕುಳಿತರು. "ಕೇಳಿ ಎಲ್ರೂ. ಅಡುಗೆಮನೆ ಕಿಟಕಿಯ ಥರ್ಮಾಮೀಟರ್ ನೋಡದೆ ಮೇಣ ಮುಟ್ಟಬಾರದು ಅಂತ ನಮಗೆಲ್ಲ ಬಡ್ಕೊಂಡೋನು ಈ ತೋರ್‌ಗ್ರಿಮ್ಮೇ. ಇಂಥವನು ರೇಡಿಯೊ ಯಾವಾಗ ನಂಬ್ತಾನೆ? ಆ ಕಿಟಕಿ ಹತ್ತಿರ ಇಲ್ದೇ ಇದ್ದಾಗ. ಸುತ್ತ ನಿಜವಾಗ್ಲೂ ಮಳೆ ಹೊಯ್ತಿದ್ದಾಗ. ಸಂಜೆಯಿಂದ ಮಳೆ ಹೊಯ್ತಿದ್ದದ್ದು ಎಲ್ಲಿ, ಸುನ್ನಿವಾ?"

"ಓ... ಓಸ್ಲೋದಲ್ಲಿ."

"ಇನ್ನೊಂದು. ಇವನ ಮನೆ ಇಗೋ, ಈ ಕಿಟಕಿಯಿಂದ ಕಾಣುತ್ತೆ. ಅಲ್ಲಿಂದ ಹೊರಟಿದ್ರೆ ನಾಲ್ಕು ಹೆಜ್ಜೆಗೇ ಸ್ಕೀಗೆ ಹಿಮ ಕಚ್ಚಿರೋದು. ವಾಪಸ್ ಹೋಗಿ, ಒಲೆ ಮುಂದೆ ಕಾಯಿಸಿ ಒರೆಸ್ಕೊಂಡು, ನೀಲಿ ಹಚ್ಕೊಂಡು ಠೀವಿಯಿಂದ ಬರ್ತಿದ್ದ. ಇಷ್ಟು ಜನರ ಮುಂದೆ ನಗೆಪಾಟಲಾಗೋ ಆಸಾಮಿಯಾ ಇವನು? ಇವನು ಮನೆಯಿಂದ ಬಂದಿಲ್ಲ. ಕೆಳಗೆ ಕಾರಿಂದ ಇಳಿದು, ರೇಸ್‌ಗೆ ತಡವಾಯ್ತು ಅಂತ ಏದುಸಿರಲ್ಲಿ ನೇರ ಇಲ್ಲಿಗೆ ಬಂದ."

"ಬರೀ ಊಹೆ!" ತೋರ್‌ಗ್ರಿಮ್ ಗುಡುಗಿದರು.

"ಕೆಳಗೆ ಎಲ್ಲಾ ಕಾರುಗಳ ಮೇಲೂ ರಾತ್ರಿಯ ಹಿಮ ಇದೆ. ಒಂದು ನೀಲಿ ಕಾರಿನ ಮೇಲೆ ಮಾತ್ರ ಇಲ್ಲ. ಅದು ಯಾರದು?"

ಎಲ್ಲರಿಗೂ ಗೊತ್ತಿತ್ತು, ಆದರೆ ಚೇರ್ಮನ್ನರ ಎದುರು ಹೇಳುವವರು ಯಾರು? ಬಾಗಿಲ ಬಳಿ ಹಾಲ್‌ವಾರ್ ಯಂತ್ರದ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ಈಗ ಬಾಯಿ ಬಿಡದಿದ್ದರೆ ಇನ್ನು ಅವನ ಮುಖ ನೋಡಲಾರೆ ಅನ್ನಿಸಿತು ಸುನ್ನಿವಾಳಿಗೆ.

"ನಿಮ್ಮದು," ಎಂದಳು. ದನಿ ಅವಳೆಣಿಸಿದ್ದಕ್ಕಿಂತ ದೊಡ್ಡದಾಗಿಯೇ ಬಂತು. "ತೋರ್‌ಗ್ರಿಮ್ ಅವರೇ, ಅದು ನಿಮ್ಮ ಕಾರು. ಹಾಲ್‌ವಾರ್ ರಾತ್ರಿಯೆಲ್ಲ ನಮಗೋಸ್ಕರ ದಾರಿ ಮಾಡ್ತಿದ್ದ. ನೀವು ಕಪ್ ತಗೊಂಡು ಓಸ್ಲೋಗೆ ಹೋಗಿದ್ರಿ."

ಒಲೆಯಲ್ಲಿ ಕೊರಡೊಂದು ಚಟ್ಟೆಂದಿತು. ತೋರ್‌ಗ್ರಿಮ್ ಮೆಲ್ಲಗೆ ಕುಳಿತರು.

"ಅಜ್ಜನ ತೊಡೆ ಮೇಲೆ ಕೂತು ಆ ಕಪ್ಪಲ್ಲಿ ನಾನು ಹಾಲು ಕುಡಿದಿದೀನಿ," ಎಂದರು. "ಇವತ್ತು ಅದು ಕಣಿವೆ ದಾಟಿ ಹೋಗುತ್ತೆ ಅಂದ್ರೆ... ತಡ್ಕೊಳ್ಳೋಕಾಗ್ಲಿಲ್ಲ, ಓಸ್ಲೋ ಮನೇಲಿ ಬಚ್ಚಿಟ್ಟೆ. ಹುಡುಗನ ತಲೆಗೆ ಬರುತ್ತೆ ಅಂತ ಎಣಿಸಿರ್ಲಿಲ್ಲ. ಬಂದಾಗ ಬಾಯ್ಬಿಡೋ ಧೈರ್ಯ ಇರ್ಲಿಲ್ಲ. ಹಾಲ್‌ವಾರ್, ತಪ್ಪಾಯ್ತು ಕಣೋ. ಎಲ್ಲರ ಮುಂದೇನೇ ಹೇಳ್ತೀನಿ, ತಪ್ಪು ನಂದು. ಆ ಕೀಲಿ ನಿನ್ನದೇ."

ರಾಂಡಿ ಬಾಯಲ್ಲಿದ್ದ ಕಿತ್ತಳೆ ನುಂಗಿ ಎದ್ದಳು. "ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಚೇರ್ಮನ್ನರೇ! ನಮ್ಮ ಮನೇಲಿ ಅದನ್ನ ಇಡೋಕೆ ಜಾಗ ಎಲ್ಲಿದೆ? ಅದರ ಮೇಲೆ ಮೂರನೇ ಸಲ ನನ್ನ ಹೆಸರು ಕೆತ್ತಿಸಿ, ಇದೇ ಕಪಾಟಲ್ಲಿ ಇಡಿ. ಬರೋ ವರ್ಷ ಬಂದು ಅದನ್ನ ನೋಡಿ ಹಲ್ಲು ಕಿರೀತೀನಿ."

"ಮೊದಲು ಗೆಲ್ಲು ತಾಯಿ!" ಎಂದಿತು ಹಿಂದಿನ ಬೆಂಚು. ನಗು ಛಾವಣಿಗೆ ತಾಗಿತು.

ಬಹುಮಾನದ ಹೊತ್ತಿಗೆ ಓಸ್ಲೋದಿಂದ ಕಪ್ ತಂದಿರಬೇಕು ಎಂದು ಅತ್ತೆ ತೀರ್ಪು ಕೊಟ್ಟರು. ತೋರ್‌ಗ್ರಿಮ್ ಅಂಗಳಕ್ಕೆ ಬಂದು ಬಗ್ಗಿ ಸ್ಕೀ ಕಟ್ಟಿಕೊಂಡರು, ಒಂದು ಹೆಜ್ಜೆ ಇಟ್ಟರು, ಹೆಂಟೆಯ ಮೇಲೆ ಹೊಯ್ದಾಡಿ ನಿಂತರು. ರೇಸಿನ ಮೊದಲ ಸೀಟಿ ಕೂಗಿತು. ಜನ ಹೋ ಎಂದು ರೇಸ್ ಶುರುವಾಗುವ ಗೆರೆಯತ್ತ ಓಡಿದರು.

ಹಾಲ್‌ವಾರ್ ಓಡಲಿಲ್ಲ. ಜೇಬಿನಿಂದ ಹಳೆ ಮೇಣ ಹೆರೆಯುವ ತಗಡನ್ನೂ ಮೇಣದ ಡಬ್ಬಿಯನ್ನೂ ತೆಗೆದು ಮುಂದೆ ಹಿಡಿದ.

"ನೀಲಿ ಹಚ್ಕೊಳ್ಳಿ ಚೇರ್ಮನ್ನರೇ. ಇಲ್ಲಾಂದ್ರೆ ಸಾಯಂಕಾಲದ ತನಕ ಕಾರು ಮುಟ್ಟಲ್ಲ ನೀವು."

ತೋರ್‌ಗ್ರಿಮ್ ಡಬ್ಬಿ ತೆಗೆದುಕೊಂಡರು. ಹಾಲ್‌ವಾರ್ ಸುನ್ನಿವಾಳ ಕಡೆ ತಿರುಗಿದ. "ನಿಂಗೆ ಅಷ್ಟು ಜೋರಾಗಿ ಮಾತಾಡೋಕೆ ಬರುತ್ತೆ ಅಂತ ಗೊತ್ತೇ ಇರ್ಲಿಲ್ಲ."

"ನಂಗೂ," ಎಂದಳು ಸುನ್ನಿವಾ.