ಪಾರುಪಾದುಕೆ

ಎಡಗಾಲಿನ ಕೆಳಗೆ ಮಿಡಿದರೆ ಎಡಕ್ಕೆ ತಿರುಗಬೇಕು, ಬಲಗಾಲಿನ ಕೆಳಗೆ ಮಿಡಿದರೆ ಬಲಕ್ಕೆ. ಎರಡೂ ಒಟ್ಟಿಗೆ ಮಿಡಿದರೆ ನಿಂತಲ್ಲೇ ನಿಲ್ಲಬೇಕು. ಹುಬ್ಬಳ್ಳಿಯ ಆ ಒಂಬತ್ತು ಮಹಡಿಯ ಕಟ್ಟಡದ ತಾರಸಿಯಲ್ಲಿ ದುಡಿಯುವವರಿಗೆಲ್ಲ ಈ ಪಾಠ ಬಾಯಿಗೆ ಬಂದಿತ್ತು. ಅವರಿಗೆ ಕೊಟ್ಟಿದ್ದ ಚಪ್ಪಲಿಯ ಹೆಸರು ಪಾರುಪಾದುಕೆ. ಅದರ ಅಟ್ಟೆಯೊಳಗಿನ ತಾಪಸಂವೇದಕ ನೆಲದ ಬಿಸಿಯನ್ನು ಅಳೆಯುತ್ತಿತ್ತು. ಕೆಳಗಿನ ನಿಯಂತ್ರಣ ಕೊಠಡಿಯ ಗಣಕ ಹೊಗೆ, ಗಾಳಿಗಳನ್ನು ಗಮನಿಸಿ ಪ್ರತಿಯೊಬ್ಬರಿಗೂ ಪಾರಾಗುವ ದಾರಿಯನ್ನು ಗೊತ್ತುಮಾಡುತ್ತಿತ್ತು. ಬೆಂಕಿ ಬಿದ್ದಾಗ ಎಲ್ಲ ಪಾದುಕೆಗಳೂ ಮೆಟ್ಟಿಲ ಕೋಣೆಯೊಳಗೆ ಬಂದವೆಂದರೆ ತಾರಸಿಯ ಕಡೆಯ ಹೊಗೆ ತಡೆಯುವ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಅದನ್ನು ಒಳಗಿನಿಂದ ಕೈಯಲ್ಲಿ ತೆರೆಯಬಹುದೇ ಹೊರತು ಹೊರಗಿನಿಂದ ಆಗದು.

ಇದನ್ನೆಲ್ಲ ರೂಪಿಸಿದವಳು ವಿಜ್ಞಾನಿ ವಿಭಾ ಹಂಚಿನಮನಿ. ಯಾವ ಅಪಾಯವನ್ನೂ ಲೆಕ್ಕದಿಂದ ಬಿಟ್ಟಿಲ್ಲವೆಂದು ಅವಳು ನಂಬಿದ್ದಳು.

ಮಂಗಳವಾರ ಬೆಳಗ್ಗೆ ತಾರಸಿಯ ಬ್ಯಾಟರಿ ಕೋಣೆಗೆ ಬೆಂಕಿ ಹತ್ತಿತು. ಆಗ ಮೇಲಿದ್ದವನು ಫಕೀರಪ್ಪ ಒಬ್ಬನೇ. ಕುಡಿಯುವ ನೀರಿನ ಟ್ಯಾಂಕು ತೊಳೆಯಲು ಹೋಗಿದ್ದ. ಕೆಳಗೆ ಪಂಪಿನ ಬಳಿ ನಿಂತಿದ್ದ ಅವನ ಹೆಂಡತಿ ದ್ಯಾಮವ್ವ ಕರಿಹೊಗೆ ಕಂಡು ನಿಯಂತ್ರಣ ಕೊಠಡಿಗೆ ಓಡಿ ಬಂದಳು.

“ನಮ್ಮವರು ಮ್ಯಾಲ ಅದಾರ್ರಿ ಅಕ್ಕಾರ.”

ವಿಭಾ ಪರದೆಯ ಮೇಲಿನ ಹಸಿರು ಚುಕ್ಕೆಯನ್ನು ತೋರಿಸಿದಳು. “ಗಾಬರಿ ಆಗಬ್ಯಾಡ್ರಿ ದ್ಯಾಮವ್ವ. ಇದ ನೋಡ್ರಿ, ಅವರು ಆಗಲೇ ಒಳಗ ಬಂದಾರ. ಬಾಗಲಾ ಮುಚ್ಚೇತಿ, ಹೊಗಿ ಒಳಗ ಬರೂದಿಲ್ಲ.”

“ಮತ್ತ ಇಳದು ಬರವಲ್ರಲ್ಲ?”

ವಿಭಾ ಅವನಿಗೆ ಫೋನು ಮಾಡಿದಳು. ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ.

“ಎಷ್ಟೊತ್ತಾತ್ರಿ ಅಲ್ಲೇ ನಿಂತು?”

ವಿಭಾ ಚುಕ್ಕೆಯ ಪಕ್ಕದ ಸಮಯ ನೋಡಿದಳು. ನಲವತ್ತು ನಿಮಿಷ. ಬೆಂಕಿ ಹತ್ತಿ ಇನ್ನೂ ಆರು ನಿಮಿಷವಾಗಿತ್ತಷ್ಟೆ.

ದ್ಯಾಮವ್ವನ ಮುಖದ ಬಣ್ಣ ಇಳಿದುಹೋಯಿತು. “ಅವು ಬರೇ ಚಪ್ಲಿ ರೀ ಅಕ್ಕಾರ. ಮಂದಿ ಕುಡಿಯೂ ನೀರಿನ ಟಾಕಿಗೆ ನಾವು ಚಪ್ಲಿ ಮೆಟ್ಟಿ ಹೋಗೂದಿಲ್ರಿ. ಬಾಗಲದ ಒಳಗ ಕಳದಿಟ್ಟು ಹೊಕ್ಕೀವಿ. ಫೋನೂ ಅದರಾಗ ಇಡ್ತಾರ, ನೀರಾಗ ಬಿದ್ದೀತಂತ.”

ಪಾದುಕೆಯೊಳಗೆ ಕಾಲಿದೆಯೇ ಎಂದು ಕೇಳುವ ಯೋಚನೆ ವಿಭಾಗೆ ಎಂದೂ ಬಂದಿರಲಿಲ್ಲ.

ಲಿಫ್ಟು ನಿಂತಿತ್ತು. ಅಗ್ನಿಶಾಮಕ ವಾಹನ ಬರಲು ಇನ್ನೂ ಹದಿನೈದು ನಿಮಿಷವಾದರೂ ಬೇಕು. ದ್ಯಾಮವ್ವ ಬರಿಗಾಲಲ್ಲಿ ಮೆಟ್ಟಿಲೇರಿದಳು, ವಿಭಾ ಅವಳ ಹಿಂದೆ. ಮೂರನೆಯ ಮಹಡಿ ದಾಟುತ್ತಲೇ ವಿಭಾ ತಾನೂ ಮೆಟ್ಟಿದ್ದ ಪಾದುಕೆಗಳು ಎರಡೂ ಒಟ್ಟಿಗೆ ಮಿಡಿಯತೊಡಗಿದವು: ನಿಲ್ಲು, ನಿಲ್ಲು. ಅವು ಹೇಳುವುದು ನಿಜವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವಳಿಗೆ ಭಯವಾಯಿತು. ಆರನೆಯ ಮಹಡಿಯಲ್ಲಿ ಕಾಲು ಮುಂದಕ್ಕೆ ಬಾರದೆ ನಿಂತಳು. ಮೇಲೆ ದ್ಯಾಮವ್ವ ಕೆಮ್ಮುವುದು ಕೇಳಿಸಿತು. ವಿಭಾ ಪಾದುಕೆಗಳನ್ನು ಅಲ್ಲೇ ಕಳಚಿ ಓಡಿದಳು.

ಬಾಗಿಲ ಒಳಗೆ ಫಕೀರಪ್ಪನ ಚಪ್ಪಲಿಗಳು ಗೋಡೆಗೆ ಒತ್ತಿ ಅಚ್ಚುಕಟ್ಟಾಗಿ ಕುಳಿತಿದ್ದವು. ಎರಡೂ ಒಟ್ಟಿಗೆ ಮಿಡಿಯುತ್ತಿದ್ದವು. ಬಾಗಿಲಿನಾಚೆ ಯಾರೋ ಬಡಿಯುವ ಸದ್ದು ಒಮ್ಮೆ ಕೇಳಿ ನಿಂತುಹೋಯಿತು.

ಕಬ್ಬಿಣದ ಹಿಡಿ ಕೆಂಡದಂತೆ ಕಾದಿತ್ತು. ದ್ಯಾಮವ್ವ ಸೆರಗು ಸುತ್ತಿ ಜಗ್ಗಿದಳು, ವಿಭಾ ಕೂಡ ಬರಿಗೈ ಹಾಕಿದಳು. ಬಾಗಿಲು ತೆರೆಯುತ್ತಲೇ ಹೊಗೆಯ ಜೊತೆಗೆ ಫಕೀರಪ್ಪ ಒಳಕ್ಕೆ ಬಿದ್ದ. ಟ್ಯಾಂಕಿನಲ್ಲಿ ಉಳಿದಿದ್ದ ನೀರನ್ನು ಮೈಮೇಲೆ ಸುರಿದುಕೊಂಡಿದ್ದರಿಂದ ಜೀವ ಉಳಿದಿತ್ತು. ಅಂಗಾಲುಗಳ ಚರ್ಮ ಮಾತ್ರ ಸುಲಿದುಹೋಗಿತ್ತು. ಇಬ್ಬರೂ ಸೇರಿ ಅವನನ್ನು ಎತ್ತಿ ಇಳಿಸಿದರು.

ಕೆಳಗೆ ಪರದೆಯ ಮೇಲೆ ಎರಡು ಹಸಿರು ಚುಕ್ಕೆಗಳಿದ್ದವು. ಫಕೀರಪ್ಪ ಒಂಬತ್ತರಲ್ಲಿ, ವಿಭಾ ಆರರಲ್ಲಿ, ಇಬ್ಬರೂ ಸುರಕ್ಷಿತ.

ಮೂರು ದಿನದ ಮೇಲೆ ವಿಭಾ ಆಸ್ಪತ್ರೆಗೆ ಹೋದಳು. ಫಕೀರಪ್ಪನ ಹಾಸಿಗೆಯ ಬಳಿ ಕುಳಿತು ಕೇಳಿದಳು: “ದ್ಯಾಮವ್ವ, ಇವರು ಎಂದೂ ಮೈಮ್ಯಾಲಿಂದ ತಗೀಲಾರದ್ದು ಏನರ ಐತೇನ್ರಿ?”

“ಉಡದಾರ ಐತಲ್ರಿ,” ಎಂದಳು ದ್ಯಾಮವ್ವ, ಗಂಡನ ಕಾಲಿನ ಪಟ್ಟಿ ಸರಿಮಾಡುತ್ತ. “ಅದನ್ನ ಮನಷ್ಯಾ ಸತ್ತಾಗಷ್ಟ ಹರೀತಾರ.”

ಸಂವೇದಕ ಉಡದಾರದಲ್ಲಿ ಎಂದು ಬರೆದುಕೊಳ್ಳಲು ವಿಭಾ ಪೆನ್ನು ತೆಗೆದಳು. ಸುಟ್ಟ ಬೆರಳುಗಳು ಮಡಚಲಿಲ್ಲ, ಬರೆಯಲಾಗಲಿಲ್ಲ.